ತಾಳೆ ನೋಡದ ಲೆಕ್ಕಕ್ಕೆ 'ಸ್ಮಾರ್ಟ್' ಅಂತ ಹೆಸರು ಬೇರೆ!

"ಒಂದು ಚಿಹ್ನೆ ತಪ್ಪಾಯ್ತು, ಅಷ್ಟೇ ಸಾರ್." ಈ ಮಾತನ್ನ ನಾವು ಮೇಷ್ಟ್ರುಗಳು ದಿನಾ ಕೇಳ್ತೀವಿ. ಕೂಡೋ ಕಡೆ ಕಳೆದ ಹುಡುಗನದೂ ಇದೇ ಸಮಜಾಯಿಷಿ, ಕೊನೇಲಿ ಭಾಗಿಸೋದು ಮರೆತ ಹುಡುಗಿಯದೂ ಇದೇ ಸಮಜಾಯಿಷಿ. ಹತ್ತು ವರ್ಷದ ಮಕ್ಕಳು ಹಾಗಂದ್ರೆ ನಾವು ನಕ್ಕು, "ಅಳಿಸಿ ಮತ್ತೆ ಮಾಡು" ಅಂತೀವಿ. ಆದ್ರೆ ಕೋಟಿಗಟ್ಟಲೆ ಡಾಲರ್ ನೀರಿಗೆ ಹಾಕಿದ ದೊಡ್ಡ ದೊಡ್ಡ ಇಂಜಿನಿಯರುಗಳೂ ಅಕ್ಷರಶಃ ಇದೇ ಮಾತು ಹೇಳ್ತಾರೆ. ಪೇಪರಿನವರು ಅದಕ್ಕೆ 'ಹ್ಯಾಕಿಂಗ್' ಅಂತ ತಲೆಬರಹ ಕೊಡ್ತಾರೆ. ಓದೋ ಜನ "ಅಬ್ಬಾ, ಎಂಥಾ ಬುದ್ಧಿವಂತ ಕಳ್ಳರು!" ಅಂತ ಬಾಯಿ ಬಿಡ್ತಾರೆ. ಐದನೇ ಕ್ಲಾಸಿನ ಲೆಕ್ಕ ತಪ್ಪಿದೆ ಅಂತ ಹೇಳೋಕೆ ಮಾತ್ರ ಯಾರಿಗೂ ಬಾಯಿ ಬರಲ್ಲ!

ನಾವು ಹೇಳ್ತಿರೋದು ಸ್ಮಾರ್ಟ್ ಕಾಂಟ್ರಾಕ್ಟ್ ಅನ್ನೋ ಹೊಸ ಬಗೆಯ ಒಪ್ಪಂದಗಳ ವಿಷಯ. ತಾಳಮಲೆಯ ಮೇಲೆ ಕೂತು ಕನ್ನಡ ಮೀಡಿಯಂ ಮಕ್ಕಳಿಗೆ ಮಗ್ಗಿ ಹೇಳಿಕೊಡೋರಿಗೆ ಇದೆಲ್ಲಾ ಯಾಕೆ ಅಂತ ಯಾರಾದ್ರೂ ಕೇಳಬಹುದು. ಕಾರಣ ಎರಡಿದೆ. ಈ ಒಪ್ಪಂದಗಳು ಮುಗ್ಗರಿಸಿರೋದು ಬಹಳ ಸಲ ಕೂಡೋದು, ಗುಣಿಸೋದು, ಭಾಗಿಸೋದರಲ್ಲಿ, ಅಂದ್ರೆ ನಮ್ಮ ಕಸುಬಿನಲ್ಲಿ. ಇನ್ನೊಂದು, ಓದಲಾಗದ ಕಾಗದಕ್ಕೆ ರುಜು ಹಾಕೋದು ಅಂದ್ರೆ ಏನು ಅಂತ ಗಡಿಯ ಈಚೆ ಇರೋ ನಮಗೆ ಚೆನ್ನಾಗೇ ಗೊತ್ತು.

ಹೆಸರು ದೊಡ್ಡದು, ವಸ್ತು ಸಣ್ಣದು

ಸ್ಮಾರ್ಟ್ ಕಾಂಟ್ರಾಕ್ಟ್ ಅನ್ನೋ ಹೆಸರು ಕೊಟ್ಟೋರು ನಿಕ್ ಸಾಬೊ, 1990ರ ದಶಕದಲ್ಲಿ. ಅವರು ಕೊಟ್ಟ ಹೋಲಿಕೆ ಕಾಸು ಹಾಕಿದ್ರೆ ಪಾನೀಯದ ಬಾಟಲಿ ಬೀಳೋ ಯಂತ್ರದ್ದು. ಕಾಸು ಹಾಕು, ಬಾಟಲಿ ತಗೋ, ನಡುವೆ ಅಂಗಡಿಯವನಿಲ್ಲ. 2015ರಲ್ಲಿ ಇಥೀರಿಯಂ ಶುರುವಾದ ಮೇಲೆ ಇದು ದೊಡ್ಡ ಪ್ರಮಾಣದಲ್ಲಿ ನಡೆಯೋಕೆ ಹತ್ತಿತು. ಒಪ್ಪಂದದ ಷರತ್ತುಗಳನ್ನ 'ಸಾಲಿಡಿಟಿ' ಅನ್ನೋ ಭಾಷೇಲಿ ಕೋಡ್ ಮಾಡ್ತಾರೆ. ಸಾವಿರಾರು ಕಂಪ್ಯೂಟರುಗಳು ಒಟ್ಟಿಗೆ ಇಟ್ಟುಕೊಂಡಿರೋ ಒಂದೇ ಲೆಕ್ಕದ ಪುಸ್ತಕಕ್ಕೆ ಆ ಕೋಡನ್ನ ಸೇರಿಸ್ತಾರೆ. ಆಮೇಲೆ ಅದು ತನ್ನಷ್ಟಕ್ಕೆ ತಾನು ಹಣ ತಗೊಳ್ಳುತ್ತೆ, ಹಣ ಕೊಡುತ್ತೆ. ತಿದ್ದೋಕೆ ಮೊದಲೇ ಒಂದು ದಾರಿ ಮಾಡಿಟ್ಟಿದ್ರೆ ಸರಿ, ಇಲ್ಲಾಂದ್ರೆ ಬರೆದವನಿಗೂ ಅದನ್ನ ತಿದ್ದೋ ಹಾಗಿಲ್ಲ. "ಕೋಡೇ ಕಾನೂನು" ಅನ್ನೋದು ಈ ಜನರ ಘೋಷಣೆ.

ಕಿರಾಣಿ ಅಂಗಡಿ ಲೆಕ್ಕದಲ್ಲಿ ತಪ್ಪಾದ್ರೆ ಸಂಜೆ ಹೋಗಿ ಜಗಳ ಆಡಿ ಸರಿ ಮಾಡಿಸಬಹುದು. ಪರೀಕ್ಷೇಲಿ ಉತ್ತರ ತಪ್ಪಿದ್ರೂ ವಿಧಾನಕ್ಕೆ ಅರ್ಧ ಅಂಕ ಕೊಡ್ತೀವಿ. ಇಲ್ಲಿ ಅರ್ಧ ಅಂಕ ಇಲ್ಲ, ಜಗಳ ಆಡೋಕೆ ಅಂಗಡಿಯವನೂ ಇಲ್ಲ. ಹೀಗಿರೋ ಕಡೆ ಒಂದು ಚಿಹ್ನೆ ಎಷ್ಟು ತೂಗುತ್ತೆ ಅಂತ ಯೋಚನೆ ಮಾಡಿ.

ನಾಲ್ಕು ಚಿಹ್ನೆ, ನಾಲ್ಕು ಗುಂಡಿ

ಮಾತು ಗಾಳಿಯಲ್ಲಿ ಬೇಡ, ಲೆಕ್ಕ ಮಾಡೇ ನೋಡೋಣ. ಕೋಡಿನ ಹೆಸರುಗಳನ್ನ ಇಲ್ಲಿ ಕನ್ನಡದಲ್ಲೇ ಬರೆದಿದೀವಿ.

ಮೊದಲನೆಯದು ಕೂಡೋದು. ಡೈರಿಗೆ ಹಾಲು ಹಾಕೋರ ಪುಸ್ತಕದಲ್ಲಿ 5,000 ರೂಪಾಯಿ ಬಾಕಿ ಬರಬೇಕಾಗಿದೆ ಅನ್ಕೊಳ್ಳಿ. ಇವತ್ತಿನ 300 ಸೇರಬೇಕು. 'ಬಾಕಿ += 300' ಅಂತ ಬರೆದ್ರೆ 5,300 ಆಗುತ್ತೆ. ಬೆರಳು ಹಿಂದುಮುಂದಾಗಿ 'ಬಾಕಿ =+ 300' ಅಂತ ಬಿದ್ರೆ? "ಬಾಕಿ ಅಂದ್ರೆ ಧನ 300" ಅಂತ ಯಂತ್ರ ಓದುತ್ತೆ. ಐದು ಸಾವಿರ ಮಾಯ! ಇದು ಹೊಸ ಗುಂಡಿ ಏನಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಬಿ ಭಾಷೇಲಿ, ಡೆನ್ನಿಸ್ ರಿಚಿ ಕಟ್ಟಿದ ಸಿ ಭಾಷೆಯ ಮೊದಲ ರೂಪದಲ್ಲಿ, ಕೂಡಿ ಸೇರಿಸೋ ಚಿಹ್ನೆ =+ ಅಂತಲೇ ಇತ್ತು. ಕಳೆಯೋದಕ್ಕೆ =- ಇತ್ತು. 'x=-1' ಅಂದ್ರೆ ಒಂದು ಕಳೆ ಅಂತಲೋ, ಋಣ ಒಂದು ಇಡು ಅಂತಲೋ ಗೊತ್ತಾಗದೆ ಒದ್ದಾಡಿ, 1976ರಲ್ಲಿ ಅದನ್ನ ತಿರುಗಿಸಿ += ಮಾಡಿದರು. ಸಾಲಿಡಿಟಿಯವರು 2018ರ ನವೆಂಬರಿನಲ್ಲಿ ಬಂದ 0.5.0 ಆವೃತ್ತಿಯಲ್ಲಿ ಸಂಖ್ಯೆಯ ಹಿಂದೆ ಒಂಟಿ + ಹಾಕೋದನ್ನೇ ನಿಷೇಧಿಸಿದರು, ಹಾಗಾಗಿ =+ ಈಗ ಒಳಗೆ ಹೋಗಲ್ಲ. ಆದ್ರೆ ಋಣ ಸಂಖ್ಯೆ ಇಡೋಕೆ ಅವಕಾಶ ಇರೋ ಜಾಗದಲ್ಲಿ =- ಇವತ್ತಿಗೂ ಸದ್ದಿಲ್ಲದೆ ಒಳಗೆ ಹೋಗುತ್ತೆ.

ಎರಡನೆಯದು ಘಾತ. ಎಕ್ಸೆಲ್ ಬಳಸೋರಿಗೆಲ್ಲ 10^18 ಅಂದ್ರೆ ಹತ್ತರ ಹದಿನೆಂಟನೇ ಘಾತ, ಒಂದರ ಮುಂದೆ ಹದಿನೆಂಟು ಸೊನ್ನೆ. ಇಥೀರಿಯಂ ಲೆಕ್ಕವೆಲ್ಲಾ ಈ ಸಂಖ್ಯೆ ಮೇಲೇ ನಿಂತಿದೆ, ಒಂದು ಈಥರ್ ಅಂದ್ರೆ ಅಷ್ಟು ವೇಯ್. ಆದ್ರೆ ಸಾಲಿಡಿಟಿಯಲ್ಲಿ ಘಾತದ ಚಿಹ್ನೆ **. ^ ಅನ್ನೋದು ಬೇರೆಯೇ ಕೆಲಸ ಮಾಡುತ್ತೆ. ಎರಡು ಸಂಖ್ಯೆಗಳನ್ನ ದ್ವಿಮಾನದಲ್ಲಿ ಒಂದರ ಕೆಳಗೊಂದು ಬರೆದು, ಅಂಕಿ ಒಂದೇ ಇರೋ ಕಡೆ 0, ಬೇರೆ ಬೇರೆ ಇರೋ ಕಡೆ 1 ಹಾಕುತ್ತೆ. 10 ಅಂದ್ರೆ 01010, 18 ಅಂದ್ರೆ 10010. ಉತ್ತರ 11000, ಅಂದ್ರೆ 24. ಹದಿನೆಂಟು ಸೊನ್ನೆಯ ಸಂಖ್ಯೆ ಇರಬೇಕಾದ ಕಡೆ ಬರೀ ಇಪ್ಪತ್ತನಾಲ್ಕು!

ಮೂರನೆಯದು ಭಾಗಾಕಾರ. ಅರಿಶಿನ ಕ್ವಿಂಟಾಲಿಗೆ 12,000 ರೂಪಾಯಿ ಅಂತ ಇಟ್ಕೊಳ್ಳಿ, ನಿಮ್ಮ ಹತ್ರ 37 ಕೇಜಿ ಇದೆ. 37ನ್ನ 12,000ದಿಂದ ಗುಣಿಸಿ 100ರಿಂದ ಭಾಗಿಸಿದ್ರೆ 4,440 ರೂಪಾಯಿ. 37ನ್ನ ಮೊದಲು 100ರಿಂದ ಭಾಗಿಸಿ ಆಮೇಲೆ 12,000ದಿಂದ ಗುಣಿಸಿದ್ರೂ ನಮ್ಮ ನಿಮ್ಮ ಕಾಗದದಲ್ಲಿ ಅದೇ ಉತ್ತರ. ಸಾಲಿಡಿಟಿಯಲ್ಲಿ ಮಾತ್ರ ಸೊನ್ನೆ! ಯಾಕಂದ್ರೆ ಅಲ್ಲಿ ಪೂರ್ಣಾಂಕಗಳನ್ನ ಭಾಗಿಸಿದ್ರೆ ಭಾಗಲಬ್ಧ ಮಾತ್ರ ಉಳಿಯುತ್ತೆ, ಶೇಷವನ್ನ ಬಿಸಾಕಿಬಿಡುತ್ತೆ. 37ರಲ್ಲಿ 100 ಎಷ್ಟು ಸಲ ಹೋಗುತ್ತೆ? ಸೊನ್ನೆ ಸಲ. ಸೊನ್ನೆಯನ್ನ ಹನ್ನೆರಡು ಸಾವಿರದಿಂದ ಗುಣಿಸಿದ್ರೂ ಸೊನ್ನೆಯೇ. ಬೆಳೆದವನ ಅರಿಶಿನ ಹೋಯ್ತು, ಕೈಗೆ ಕಾಸಿಲ್ಲ.

ನಾಲ್ಕನೆಯದು ಹೋಲಿಕೆಯ ಚಿಹ್ನೆ. ಕಟ್ಟುನಿಟ್ಟಾಗಿ ನೋಡಿದ್ರೆ ಇದು ಕೂಡಿ ಕಳೆಯೋ ಚಿಹ್ನೆ ಅಲ್ಲ, ಆದ್ರೆ ಗುಂಡಿ ಅದೇ. ನಮ್ಮ ಹತ್ತನೇ ಕ್ಲಾಸಿನ ಪರೀಕ್ಷೇಲಿ 35 ಬಂದ್ರೆ ಪಾಸು. 'ಅಂಕ > 35' ಅಂತ ಬರೆದ್ರೆ ಸರಿಯಾಗಿ 35 ತೆಗೆದ ಮಗು ಫೇಲು. 'ಅಂಕ >= 35' ಅಂತ ಬರೆದ್ರೆ ಪಾಸು. ಈ ಒಂದು ಗೀಟಿನ ಬೆಲೆ ಏನು ಅಂತ ಆ 35ರ ಮಗುವಿನ ಅಮ್ಮನನ್ನ ಕೇಳಿ.

ಇವು ಬರೀ ಉದಾಹರಣೆಗಳಾ?

ಅಲ್ಲ ಸ್ವಾಮಿ, ನಡೆದ ಕಥೆಗಳೇ ಬೇಕಾದಷ್ಟಿವೆ. ಮೂರು ಹೇಳ್ತೀವಿ.

2018ರ ಏಪ್ರಿಲ್ 22. ಬ್ಯೂಟಿಚೈನ್ ಅನ್ನೋ ಟೋಕನ್. ಒಂದೇ ಸಲಕ್ಕೆ ಹಲವರಿಗೆ ಹಂಚೋ ಸೌಲಭ್ಯ ಅದರಲ್ಲಿತ್ತು. 'ಒಟ್ಟು = ಜನ × ತಲಾ ಮೊತ್ತ' ಅಂತ ಲೆಕ್ಕ ಹಾಕಿ, "ಕೊಡೋನ ಹತ್ರ ಅಷ್ಟು ಒಟ್ಟು ಇದೆಯಾ?" ಅಂತ ನೋಡಿ, ಆಮೇಲೆ ಒಬ್ಬೊಬ್ಬರಿಗೂ ತಲಾ ಮೊತ್ತ ಹಾಕೋದು. ಹಳೇ ಸ್ಕೂಟರಿನ ಕಿಲೋಮೀಟರ್ ಮೀಟರು 99999 ಆದ ಮೇಲೆ ಏನಾಗುತ್ತೆ? 00000. ಇಥೀರಿಯಂನ ಮೀಟರಿನಲ್ಲಿ 78 ಅಂಕಿಯ ಸಂಖ್ಯೆ ಹಿಡಿಸುತ್ತೆ, ಎರಡರ 256ನೇ ಘಾತ ಮುಟ್ಟಿದ ತಕ್ಷಣ ಅದೂ ತಿರುಗಿ ಸೊನ್ನೆಗೆ ಬರುತ್ತೆ. ಕಳ್ಳ ಮಾಡಿದ್ದು ಇಷ್ಟೇ. ಜನ ಇಬ್ಬರು, ತಲಾ ಮೊತ್ತ ಎರಡರ 255ನೇ ಘಾತ. ಗುಣಿಸಿದ್ರೆ ಸರಿಯಾಗಿ ಎರಡರ 256ನೇ ಘಾತ, ಅಂದ್ರೆ ಮೀಟರಿನಲ್ಲಿ ಸೊನ್ನೆ. "ನಿನ್ನ ಹತ್ರ ಸೊನ್ನೆ ಇದೆಯಾ?" ಇದೆ! ಸರಿ, ಇಬ್ಬರಿಗೂ ಎರಡರ 255ನೇ ಘಾತದಷ್ಟು ಕೊಟ್ಟುಬಿಡು. ವಿನಿಮಯ ಕೇಂದ್ರದಲ್ಲಿ ಆ ಟೋಕನ್ನಿನ ವ್ಯಾಪಾರವನ್ನೇ ನಿಲ್ಲಿಸಬೇಕಾಯ್ತು. ಇದೇ ದೋಷ ಇನ್ನೂ ಹತ್ತಾರು ಟೋಕನ್ನುಗಳಲ್ಲಿದೆ ಅಂತ ಪೆಕ್‌ಶೀಲ್ಡ್ ಸಂಸ್ಥೆ ಹೊರಗೆ ಹಾಕಿತು.

ನಮಗೆ ಸಿಟ್ಟು ಬರೋದು ಇದಕ್ಕೆ: ಮೀಟರು ತಿರುಗದ ಹಾಗೆ ಕೂಡೋಕೆ, ಕಳೆಯೋಕೆ 'ಸೇಫ್‌ಮ್ಯಾತ್' ಅನ್ನೋ ಸಾಧನ ಆಗಲೇ ಇತ್ತು. ಅದೇ ಕೋಡಿನ ಕೆಳಗಿನ ಸಾಲುಗಳಲ್ಲಿ ಅದನ್ನ ಬಳಸಿಯೂ ಇದ್ದರು! ಈ ಒಂದು ಗುಣಾಕಾರದ ಸಾಲಿನಲ್ಲಿ ಮಾತ್ರ ಬರೀ * ಹಾಕಿದ್ದರು. ಗೊತ್ತಿಲ್ಲದೆ ಆದ ತಪ್ಪಾದ್ರೆ ಕಲಿಸಬಹುದು. ಗೊತ್ತಿದ್ದೂ ಒಂದು ಸಾಲಿನಲ್ಲಿ ಬಿಟ್ಟದ್ದಕ್ಕೆ ಏನಂತ ಹೆಸರಿಡೋದು?

ಎರಡನೇ ಕಥೆ, 2020ರ ಆಗಸ್ಟ್. ಯಾಮ್ ಅನ್ನೋ ಯೋಜನೆ 11ನೇ ತಾರೀಕು ಶುರುವಾಯ್ತು. ನೂರಾರು ಮಿಲಿಯನ್ ಡಾಲರಿನ ಆಸ್ತಿ ತಂದು ಜನ ಅದರಲ್ಲಿ ಇಟ್ಟರು. ನಾಣ್ಯಗಳ ಒಟ್ಟು ಸಂಖ್ಯೆಯನ್ನ ಆಗಾಗ ಹೊಂದಿಸೋ ಒಂದು ಸಾಲಿತ್ತು. ಗುಣಿಸಿ ಆಮೇಲೆ ಹತ್ತರ ಹದಿನೆಂಟನೇ ಘಾತದಿಂದ ಭಾಗಿಸಬೇಕು. ಗುಣಿಸಿದ್ದರು, ಭಾಗಿಸೋದು ಮರೆತಿದ್ದರು! ಒಟ್ಟು ಆಕಾಶಕ್ಕೆ ಹೋಯ್ತು. ಮತ ಹಾಕಿ ತಿದ್ದೋಣ ಅಂದ್ರೆ ಅದಕ್ಕೂ ದಾರಿ ಇಲ್ಲ, ಯಾಕಂದ್ರೆ ಒಟ್ಟು ನಾಣ್ಯದಲ್ಲಿ ಶೇಕಡಾ ಇಷ್ಟು ಮತ ಬೇಕು ಅನ್ನೋ ನಿಯಮ, ಆ ಒಟ್ಟೇ ತಪ್ಪು. ಎರಡೇ ದಿನದಲ್ಲಿ ಯೋಜನೆ ಮುಗೀತು. ಜನ ಇಟ್ಟಿದ್ದ ಆಸ್ತಿ ಅವರಿಗೆ ವಾಪಸ್ ಸಿಕ್ಕಿತು, ಆದ್ರೆ ಖಜಾನೆಯಲ್ಲಿದ್ದ ಸುಮಾರು ಏಳೂವರೆ ಲಕ್ಷ ಡಾಲರ್ ಅಲ್ಲೇ ಸಿಕ್ಕಿಹಾಕಿಕೊಂಡಿತು. ಇಲ್ಲಿ ಕಳ್ಳನೇ ಇಲ್ಲ ನೋಡಿ. ಮರೆತ ಭಾಗಾಕಾರ ಒಂದೇ.

ಮೂರನೇದು ಕಾಂಪೌಂಡ್, 2021ರ ಸೆಪ್ಟೆಂಬರ್ ಕೊನೆ. ಸಾಲ ಕೊಡೋ ತಗೊಳ್ಳೋ ಈ ವ್ಯವಸ್ಥೆಯ 62ನೇ ಪ್ರಸ್ತಾವನೆ ಮತದಿಂದ ಪಾಸಾಗಿ ಜಾರಿಗೆ ಬಂತು. ಅದರಲ್ಲಿ >= ಇರಬೇಕಾದ ಕಡೆ > ಇತ್ತು. ನಮ್ಮ 35 ಅಂಕದ ಕಥೆಯೇ, ಆದ್ರೆ ಉಲ್ಟಾ. ಸರಿಯಾಗಿ ಗಡಿಯ ಮೇಲಿದ್ದೋರಿಗೆ ಎಣಿಕೆ ತಪ್ಪಿ, ಬರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಬಹುಮಾನದ ನಾಣ್ಯ ಹೋಗಿಬಿಟ್ಟಿತು. ಮೊದಲ ಏಟಿಗೇ ಸುಮಾರು 8 ಕೋಟಿ ಡಾಲರ್ ಬೆಲೆಯ ನಾಣ್ಯ ಅಪಾಯಕ್ಕೆ ಬಿತ್ತು. ತಪ್ಪು ಎಲ್ಲರ ಕಣ್ಣಿಗೂ ಕಾಣ್ತಿತ್ತು. ಆದ್ರೆ ಏನು ತಿದ್ದಬೇಕಾದ್ರೂ ಮತ ಹಾಕಿ ಏಳು ದಿನ ಕಾಯಬೇಕು ಅನ್ನೋದು ಅವರದೇ ನಿಯಮ! ಹೆಚ್ಚಿಗೆ ಹೋದದ್ದನ್ನ ದಯವಿಟ್ಟು ವಾಪಸ್ ಕೊಡಿ ಅಂತ ಸ್ಥಾಪಕರೇ ಜನರನ್ನ ಕೇಳಿಕೊಳ್ಳಬೇಕಾಯ್ತು. ಮನುಷ್ಯರ ನಂಬಿಕೆ ಬೇಡ, ಕೋಡು ಸಾಕು ಅಂತ ಹೊರಟೋರು ಕಡೆಗೆ ಮನುಷ್ಯರ ಪ್ರಾಮಾಣಿಕತೆಯ ಬಾಗಿಲು ತಟ್ಟಿದರು.

"ಈಗ ಹೊಸ ಕಂಪೈಲರ್ ಬಂದಿದೆಯಲ್ಲಾ?"

ಬಂದಿದೆ. 2020ರ ಡಿಸೆಂಬರಿನಲ್ಲಿ ಸಾಲಿಡಿಟಿ 0.8.0 ಬಂತು. ಅಲ್ಲಿಂದೀಚೆಗೆ ಮೀಟರು ತಿರುಗೋ ಪರಿಸ್ಥಿತಿ ಬಂದ್ರೆ ವ್ಯವಹಾರವೇ ನಿಂತುಹೋಗುತ್ತೆ. ಒಳ್ಳೇದೇ ಆಯ್ತು. ಆದ್ರೆ ಖರ್ಚು ಉಳಿಸೋಕೆ ಆ ಕಾವಲನ್ನ ತೆಗೆದಿಡೋ ಸವಲತ್ತೂ ಅದೇ ಆವೃತ್ತಿಯಲ್ಲಿದೆ. ಅದಕ್ಕಿಂತ ಮುಖ್ಯವಾಗಿ, ನೀವು ಭಾಗಿಸೋದು ಮರೆತಿದ್ದೀರಿ ಅಂತ ಯಾವ ಕಂಪೈಲರೂ ಹೇಳಲ್ಲ. ನಿಮ್ಮ ಮನಸ್ಸಿನಲ್ಲಿದ್ದದ್ದು 35 ದಾಟಬೇಕು ಅಂತಲೋ, 35 ಬಂದ್ರೆ ಸಾಕು ಅಂತಲೋ ಅದಕ್ಕೆ ಹೇಗೆ ಗೊತ್ತಾಗಬೇಕು?

ಇನ್ನೂ ಹೊಸ ಕಥೆ ಬೇಕಾ? 2025ರ ಮೇ 22ರಂದು ಸೂಯಿ ಅನ್ನೋ ಬ್ಲಾಕ್‌ಚೈನಿನ ಮೇಲಿದ್ದ ಸೀಟಸ್‌ನಿಂದ ಸುಮಾರು 22 ಕೋಟಿ 30 ಲಕ್ಷ ಡಾಲರ್ ಹೋಯ್ತು. ಅಲ್ಲಿನ ಭಾಷೆ ಮೂವ್. ಅದು ಕೂಡೋ, ಕಳೆಯೋ, ಗುಣಿಸೋ ಚಿಹ್ನೆಗಳಿಗೆ ಕಾವಲು ಹಾಕಿದೆ, ಆದ್ರೆ ಅಂಕಿಗಳನ್ನ ಎಡಕ್ಕೆ ಸರಿಸೋ << ಚಿಹ್ನೆಗೆ ಹಾಕಿಲ್ಲ. 64 ಮನೆ ಎಡಕ್ಕೆ ಸರಿಸೋದು ಅಂದ್ರೆ 64 ಸಲ ಎರಡರಿಂದ ಗುಣಿಸಿದ ಹಾಗೆ. ಅದಕ್ಕಾಗಿ ಬೇರೆಯಾಗಿ ಒಂದು ಕಾವಲಿನ ಸಾಲು ಬರೆದಿದ್ದರು, ಆ ಸಾಲಿನಲ್ಲಿ ಮಿತಿಯ ಸಂಖ್ಯೆಯನ್ನೇ ತಪ್ಪು ಬರೆದಿದ್ದರು! ಕಾವಲುಗಾರ ಬಾಗಿಲಲ್ಲೇ ನಿಂತಿದ್ದ, ಆದ್ರೆ ಅವನಿಗೆ ಕೊಟ್ಟಿದ್ದ ಅಳತೆ ಕೋಲೇ ತಪ್ಪು. ಕಡೆಗೆ ಏನಾಯ್ತು ಗೊತ್ತಾ? ಸೂಯಿ ನಡೆಸೋರೆಲ್ಲ ಸೇರಿ ಸುಮಾರು 16 ಕೋಟಿ 20 ಲಕ್ಷ ಡಾಲರನ್ನ ಕಳ್ಳನ ಖಾತೆಯಲ್ಲೇ ತಡೆಹಿಡಿದು, ಮತ ಹಾಕಿ ಅದನ್ನ ವಾಪಸ್ ತೆಗೆಯೋ ತೀರ್ಮಾನ ಮಾಡಿದರು. ಊರ ಪಂಚಾಯ್ತಿ ಕಟ್ಟೆಯಲ್ಲಿ ನಡೆಯೋದೂ ಇದೇ ಅಲ್ವಾ? ಹಾಗಾದ್ರೆ "ಕೋಡೇ ಕಾನೂನು" ಎಲ್ಲಿ ಹೋಯ್ತು?

ಅದೇ ವರ್ಷ ನವೆಂಬರ್ 3ರಂದು ಬ್ಯಾಲೆನ್ಸರ್. ಭಾಗಿಸಿದಾಗ ಉಳಿಯೋ ಚೂರನ್ನ ಯಾವ ಕಡೆಗೆ ಬಿಡಬೇಕು, ಕೊಡೋನ ಕಡೆಗೋ ತಗೊಳ್ಳೋನ ಕಡೆಗೋ? ಒಂದು ಕಡೆ ಅದು ತಪ್ಪು ದಿಕ್ಕಿಗೆ ಹೋಗ್ತಿತ್ತು. ಒಂದು ಸಲಕ್ಕೆ ಕಣ್ಣಿಗೆ ಕಾಣದಷ್ಟು ಚೂರು. ಒಂದೇ ಏಟಿಗೆ ಹತ್ತಾರು ಸಣ್ಣ ವ್ಯವಹಾರ ಪೋಣಿಸಿ ಆ ಚೂರುಗಳನ್ನ ಬೆಳೆಸಿ 10 ಕೋಟಿ ಡಾಲರಿಗೂ ಹೆಚ್ಚು ಎತ್ತಿಕೊಂಡು ಹೋದರು. "ಆಡಿಟ್ ಆಗಿದೆ, ಹೆದರಬೇಡಿ" ಅನ್ನೋರಿಗೆ ಒಂದು ಮಾತು: ಸೀಟಸ್‌ಗೂ ಆಡಿಟ್ ಆಗಿತ್ತು, ಬ್ಯಾಲೆನ್ಸರ್‌ಗೂ ಆಗಿತ್ತು.

ತಪ್ಪಿದ್ದು ಕೈಯಲ್ಲ, ತಾಳೆ

ಇಷ್ಟೆಲ್ಲಾ ಕಥೆ ಹೇಳಿದ್ದು ಇಂಜಿನಿಯರುಗಳನ್ನ ಹಂಗಿಸೋಕಲ್ಲ. ಚಿಹ್ನೆ ಯಾರಿಗಾದ್ರೂ ತಪ್ಪುತ್ತೆ. ಅದಕ್ಕೇ ತಾನೇ ಶಾಲೇಲಿ ಭಾಗಾಕಾರ ಕಲಿಸಿದ ದಿನವೇ ತಾಳೆ ನೋಡೋದನ್ನೂ ಕಲಿಸೋದು? ಭಾಜಕವನ್ನ ಭಾಗಲಬ್ಧದಿಂದ ಗುಣಿಸು, ಶೇಷ ಕೂಡು, ಭಾಜ್ಯ ಬಂತಾ? ಬಂದ್ರೆ ಸರಿ, ಬರದಿದ್ರೆ ಮತ್ತೆ ಮಾಡು. ಕಳೆದಿದ್ರೆ ಕೂಡಿ ನೋಡು. ಮಕ್ಕಳಿಗೆ ಇದು ಬೇಜಾರಿನ ಕೆಲಸ. ದೊಡ್ಡೋರಾದ ಮೇಲೂ ಬೇಜಾರು ಹೋಗಿಲ್ಲ ಅಂತ ಕಾಣುತ್ತೆ.

ಬ್ಯೂಟಿಚೈನಿನಲ್ಲಿ "ಎಲ್ಲರ ಖಾತೆ ಕೂಡಿದ್ರೆ ಒಟ್ಟು ನಾಣ್ಯಕ್ಕೆ ಸಮ ಇರಬೇಕು" ಅನ್ನೋ ಒಂದೇ ಒಂದು ತಾಳೆಯನ್ನ ವಿಚಿತ್ರ ಸಂಖ್ಯೆಗಳನ್ನ ಕೊಟ್ಟು ನೋಡಿದ್ದಿದ್ರೆ ದೋಷ ಅವತ್ತೇ ಸಿಕ್ಕಿಬೀಳ್ತಿತ್ತು. ಯಾಮ್‌ನಲ್ಲಿ ಒಂದು ಸಲ ಕೈಲೆಕ್ಕ ಮಾಡಿ ಹೋಲಿಸಿದ್ದಿದ್ರೆ ಹದಿನೆಂಟು ಸೊನ್ನೆ ಹೆಚ್ಚಿರೋದು ಕುರುಡನಿಗೂ ಗೊತ್ತಾಗ್ತಿತ್ತು. ಹಾಗಾಗಿ ನಮ್ಮ ಆರೋಪ ಇಷ್ಟು: ಚಿಹ್ನೆ ತಪ್ಪಿದ್ದು ಕೈತಪ್ಪು ಇರಬಹುದು, ತಾಳೆ ನೋಡದೆ ಜನರ ದುಡ್ಡು ತಗೊಂಡದ್ದು ಕೈತಪ್ಪಲ್ಲ.

ಇಲ್ಲಿಂದ ಹೋಗಿ ಬೆಂಗಳೂರು, ಕೊಯಮತ್ತೂರಿನಲ್ಲಿ ಕೋಡ್ ಬರೆಯೋ ಕೆಲಸದಲ್ಲಿರೋ ನಮ್ಮ ಮಕ್ಕಳಿಗೆ, ಹೋಗಬೇಕು ಅಂತಿರೋ ಮಕ್ಕಳಿಗೆ, ನಾವು ಹೇಳೋದು ಇದು.

1. ಚಿಹ್ನೆಯನ್ನ ಬಾಯಿಬಿಟ್ಟು ಓದಿ. 'ಬಾಕಿ += 300' ಅನ್ನೋದನ್ನ "ಬಾಕಿಗೆ ಮುನ್ನೂರು ಸೇರಿಸು" ಅಂತ, '>=' ಅನ್ನೋದನ್ನ "ಅಷ್ಟಾದರೂ ಇರಬೇಕು" ಅಂತ, '>' ಅನ್ನೋದನ್ನ "ಅಷ್ಟನ್ನ ದಾಟಿರಬೇಕು" ಅಂತ. ಬಾಯಲ್ಲಿ ಹೇಳೋಕೆ ಆಗದ ಸಾಲು ಬರೆಯಬೇಡಿ.

2. ಮೊದಲು ಗುಣಿಸಿ, ಆಮೇಲೆ ಭಾಗಿಸಿ. ಗುಣಿಸಿದಾಗ ಸಂಖ್ಯೆ ಮೀಟರು ಮೀರೋ ಭಯ ಇದ್ರೆ, ಗುಣಿಸಿ ಭಾಗಿಸೋದನ್ನ ಒಟ್ಟಿಗೆ ಮಾಡೋ, ಹಲವರು ಪರೀಕ್ಷೆ ಮಾಡಿರೋ ಸಾಧನ ಇದೆ, ಓಪನ್‌ಜೆಪ್ಪೆಲಿನ್‌ನ 'ಮಲ್‌ಡಿವ್' ಅಂಥದ್ದು. ಅದನ್ನ ಬಳಸಿ. ಶೇಷ ಯಾರ ಪಾಲು ಅಂತ ಮೊದಲೇ ತೀರ್ಮಾನ ಮಾಡಿ ಬರೆದಿಡಿ.

3. ಗಡಿಯ ಸಂಖ್ಯೆ ಕೊಟ್ಟು ನೋಡಿ. 50 ಅಂಕ ಕೊಟ್ಟು ಪಾಸಾಯ್ತು ಅಂದ್ರೆ ಏನೂ ಗೊತ್ತಾಗಲ್ಲ. 34, 35, 36 ಕೊಡಿ. 0 ಕೊಡಿ, 1 ಕೊಡಿ, ಮೀಟರಿನ ಕಡೆಯ ಸಂಖ್ಯೆ ಕೊಡಿ. ತಪ್ಪುಗಳು ಗಡಿಯಲ್ಲೇ ಇರೋದು.

4. ಉತ್ತರವನ್ನ ಮೊದಲೇ ಕಾಗದದ ಮೇಲೆ ಬರೆದಿಟ್ಟು ಆಮೇಲೆ ಕೋಡ್ ಓಡಿಸಿ. ಕೋಡ್ ಕೊಟ್ಟ ಉತ್ತರವನ್ನೇ "ಇದೇ ಸರಿ ಉತ್ತರ" ಅಂತ ಪರೀಕ್ಷೆಗೆ ಬರೆಯೋದು, ಪಕ್ಕದವನದನ್ನ ನೋಡಿ ಬರೆದ ಹಾಗೆ.

5. ತಾಳೆಯನ್ನ ಕೋಡಿನಲ್ಲೇ ಬರೆಯಿರಿ. ಎಲ್ಲಾ ಖಾತೆ ಕೂಡಿದ್ರೆ ಒಟ್ಟು ಬರಬೇಕು, ಹಾಕಿದ್ದಕ್ಕಿಂತ ಹೆಚ್ಚು ಯಾರೂ ತೆಗೆಯಬಾರದು. ಇಂಥ ಮುರಿಯಬಾರದ ಮಾತುಗಳನ್ನ ಬರೆದುಕೊಟ್ರೆ, ಸಾವಿರಾರು ಸಂಖ್ಯೆ ಕೊಟ್ಟು ಅವನ್ನ ಮುರಿಯೋಕೆ ನೋಡೋ ಫೌಂಡ್ರಿ, ಎಕಿಡ್ನಾ ಅನ್ನೋ ಸಾಧನಗಳು ಬಿಟ್ಟಿಯಾಗೇ ಸಿಗ್ತವೆ.

6. ಬರೆದವರೇ ತಾಳೆ ನೋಡಬಾರದು. ನಾವು ಮಕ್ಕಳ ಪುಸ್ತಕ ಅದಲುಬದಲು ಮಾಡಿಸಿ ತಿದ್ದಿಸೋದು ಇದಕ್ಕೇ. ಈಗ ಎಐ ಕೈಲಿ ಕೋಡ್ ಬರೆಸೋರು ಹೆಚ್ಚಾಗಿದ್ದಾರೆ. ಬರೆಯೋ ಶ್ರಮ ಉಳಿದ್ರೆ ಉಳಿಯಲಿ, ತಾಳೆ ನೋಡೋ ಶ್ರಮ ಅದರಿಂದ ಹೆಚ್ಚಾಗುತ್ತೆ, ಕಡಿಮೆ ಆಗಲ್ಲ.

ಸಾಧನಗಳ ವಿಷಯದಲ್ಲೂ ಒಂದು ಎಚ್ಚರ. ಕೋಡನ್ನ ಓದಿ ದೋಷ ಹೇಳೋ ಸ್ಲಿದರ್ ಅನ್ನೋ ಸಾಧನ, ಘಾತದ ಕಡೆ ^ ಹಾಕಿದ ಹಾಗೆ ಕಂಡ್ರೆ ಎಚ್ಚರಿಸುತ್ತೆ, ಗುಣಿಸೋ ಮೊದಲು ಭಾಗಿಸಿದ್ರೂ ಎಚ್ಚರಿಸುತ್ತೆ. ಆದ್ರೆ ನಾವು ಮೇಲೆ ಹೇಳಿದ ಮಲ್‌ಡಿವ್‌ನಲ್ಲೇ '(3 * ಭಾಜಕ) ^ 2' ಅನ್ನೋ ಸಾಲಿದೆ. ಅಲ್ಲಿ ^ ಬೇಕೆಂದೇ ಹಾಕಿರೋದು, ಅದು ಸರಿಯಾದ ಲೆಕ್ಕ. ಆದ್ರೂ ಸ್ಲಿದರ್ ಅದನ್ನ ತಪ್ಪು ಅಂತ ತೋರಿಸಿತ್ತು! ಯಂತ್ರಕ್ಕೆ ಚಿಹ್ನೆ ಕಾಣುತ್ತೆ, ಉದ್ದೇಶ ಕಾಣಲ್ಲ. ಉದ್ದೇಶವನ್ನ ಪಕ್ಕದಲ್ಲಿ ಮನುಷ್ಯರ ಭಾಷೇಲಿ ಬರೆದಿಡೋದು ಬರೆದವರ ಕೆಲಸ.

ಯಾವ ಮನುಷ್ಯರ ಭಾಷೆ?

ಇಲ್ಲಿ ನಮ್ಮ ಊರಿನ ಮಾತು ಬರುತ್ತೆ. 1956ರಲ್ಲಿ ರಾಜ್ಯಗಳ ವಿಂಗಡಣೆ ಆದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಹೋಯ್ತು, ನಾವು ಮದ್ರಾಸಿನಲ್ಲೇ ಉಳಿದೆವು. ಮನೆಮಾತು ಕನ್ನಡ, ಶಾಲೆ ಕನ್ನಡ, ಸಂತೆ ಕನ್ನಡ, ಜಮೀನಿನ ಪಟ್ಟಾ ಚಿಟ್ಟಾ ತಮಿಳಿನಲ್ಲಿ. ತಮಿಳಿನ ಮೇಲೆ ನಮಗೆ ದ್ವೇಷ ಇಲ್ಲ, ಕಲಿತಿದ್ದೀವಿ, ಕಲಿಸ್ತೀವಿ. ಆದ್ರೆ ಓದೋಕೆ ಬಾರದ ಹಿರಿಯರು ಬೇರೆಯವರ ಮಾತು ನಂಬಿ ಹೆಬ್ಬೆಟ್ಟು ಒತ್ತಿದ್ದು ಇಲ್ಲಿ ಮನೆಮನೆಯ ಕಥೆ. ಅಲ್ಲಾದ್ರೂ ಒಂದು ಸಮಾಧಾನ ಇತ್ತು. ತಮಿಳು ಬಲ್ಲ ಯಾರನ್ನಾದ್ರೂ ಹಿಡಿದು ಓದಿಸಬಹುದಿತ್ತು, ತಪ್ಪಿದ್ರೆ ಅರ್ಜಿ ಕೊಡಬಹುದಿತ್ತು.

ಈಗ ಸರ್ಕಾರಗಳಿಗೂ ಬ್ಲಾಕ್‌ಚೈನ್ ಹಿಡಿಸಿದೆ. 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಎನ್‌ಐಸಿಯ ಬ್ಲಾಕ್‌ಚೈನ್ ಕೇಂದ್ರ ಉದ್ಘಾಟನೆ ಆಯ್ತು. ಅದೇ ವರ್ಷ ತಮಿಳುನಾಡು ಸರ್ಕಾರ ಬ್ಲಾಕ್‌ಚೈನ್ ನೀತಿ ಹೊರಡಿಸಿತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ 'ವಿಶ್ವಸ್ಯ' ಅನ್ನೋ ಬ್ಲಾಕ್‌ಚೈನ್ ವ್ಯವಸ್ಥೆ ತಂದಿತು. ಇವು ಮೇಲೆ ಹೇಳಿದ ದುಡ್ಡಿನ ಆಟಗಳ ಥರ ಅಲ್ಲ, ಸರ್ಕಾರದ ಹಿಡಿತದಲ್ಲಿರೋವು. ದಾಖಲೆ ತಿದ್ದುಪಡಿ ಆಗಿಲ್ಲ ಅಂತ ಸಾಬೀತು ಮಾಡೋಕೆ ಬಳಸಿದ್ರೆ ಒಳ್ಳೇದೇ, ನಾವು ಬೇಡ ಅನ್ನಲ್ಲ. ಆದ್ರೆ ಇವತ್ತು ದಾಖಲೆ ಇಡೋ ಯಂತ್ರ ನಾಳೆ ಸಬ್ಸಿಡಿ ಹಂಚೋಕೂ, ಬೆಳೆ ವಿಮೆ ಕೊಡೋಕೂ ಹೊರಟ್ರೆ ಅಲ್ಲಿಗೆ ಗುಣಾಕಾರ ಬಂತು, ಭಾಗಾಕಾರ ಬಂತು, 'ಇಷ್ಟಾದರೂ ಮಳೆ ಬಿದ್ದಿರಬೇಕು' ಬಂತು. >= ಹೋಗಿ > ಆದ್ರೆ ಯಾವನೋ ಒಬ್ಬ ರೈತನ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತೆ. "ಕಂಪ್ಯೂಟರ್ ಹಾಗೆ ಹೇಳ್ತಿದೆ" ಅಂದುಬಿಟ್ರೆ ಅವನು ಯಾರ ಹತ್ರ ಹೋಗಬೇಕು?

ಅದಕ್ಕೇ ನಾವು ಕೇಳೋದು. ಜನರ ದುಡ್ಡು, ಜನರ ಹಕ್ಕನ್ನ ಎಣಿಸೋ ಯಾವ ಕೋಡೇ ಇರಲಿ, ಅದರ ಲೆಕ್ಕದ ಸಾಲುಗಳನ್ನ ಆ ಜನ ಓದೋ ಭಾಷೇಲಿ, ಉದಾಹರಣೆ ಲೆಕ್ಕದ ಸಮೇತ, ಜಾರಿಗೆ ಬರೋ ಮೊದಲೇ ಪ್ರಕಟಿಸಿ. ಇಷ್ಟು ಎಕರೆ, ಇಷ್ಟು ಮಳೆ, ಇಷ್ಟು ಹಣ ಅಂತ. ತಾಳಮಲೆಗೆ ಕನ್ನಡದಲ್ಲಿ ಕೊಡಿ, ಬೆಟ್ಟದ ಕೆಳಗೆ ತಮಿಳಿನಲ್ಲಿ ಕೊಡಿ. ಕೋಡ್ ಓದೋಕೆ ಬರದಿದ್ರೂ ಲೆಕ್ಕ ತಾಳೆ ನೋಡೋಕೆ ನಮ್ಮ ಏಳನೇ ಕ್ಲಾಸಿನ ಮಕ್ಕಳೇ ಸಾಕು. ಜತೆಗೆ ತಪ್ಪಿದ್ರೆ ನಿಲ್ಲಿಸೋಕೆ, ತಿದ್ದೋಕೆ ಒಂದು ದಾರಿ ಇಟ್ಟಿರಿ, ಅದರ ಕೀಲಿ ಯಾರ ಕೈಲಿದೆ ಅಂತಲೂ ಹೇಳಿ.

"ಲೆಕ್ಕ, ಕಂಪ್ಯೂಟರ್ ಎಲ್ಲಾ ಇಂಗ್ಲಿಷಿನಲ್ಲೇ ಆಗಬೇಕು, ಕನ್ನಡ ಮೀಡಿಯಂನವರಿಗೆ ಇದೆಲ್ಲಾ ಆಗಲ್ಲ" ಅಂತ ನಮ್ಮೋರೇ ಹೇಳ್ತಾರೆ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದರು. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. ವ್ಯಾಪಾರ ವಹಿವಾಟಿನ ಲೆಕ್ಕ ಹೇಳೋಕೆ ಈ ಭಾಷೆಗೆ ಅವತ್ತೇ ಬಾಯಿತ್ತು. ಸಂಖ್ಯೆಯನ್ನ ಸೊನ್ನೆಯಿಂದ ಭಾಗಿಸಿದ್ರೆ ಅದು ಬದಲಾಗದೆ ಹಾಗೇ ಉಳಿಯುತ್ತೆ ಅಂತ ಮಹಾವೀರಾಚಾರ್ಯರು ಬರೆದಿದ್ದಾರೆ. ಅದು ತಪ್ಪು, ಈಗ ನಾವು ಮಕ್ಕಳಿಗೆ ಹಾಗೆ ಹೇಳಿಕೊಡಲ್ಲ. ಸಾಲಿಡಿಟಿ ಕೂಡ ಸೊನ್ನೆಯಿಂದ ಭಾಗಿಸೋಕೆ ಹೋದ್ರೆ ವ್ಯವಹಾರವನ್ನೇ ನಿಲ್ಲಿಸುತ್ತೆ. ಅಷ್ಟು ದೊಡ್ಡ ಪಂಡಿತರ ಪುಸ್ತಕವನ್ನೂ ಓದಿದವರು ತಿದ್ದಿದರು, ತಿದ್ದಿದ್ದರಿಂದ ಅವರ ಹೆಸರೇನೂ ಸಣ್ಣದಾಗಲಿಲ್ಲ. ಹಾಗಿರೋವಾಗ ನಿನ್ನೆ ಮೊನ್ನೆ ಬರೆದ ಕೋಡಿಗೆ ಯಾಕಪ್ಪಾ ತಿದ್ದಲಾಗದ ಕಾನೂನು ಅನ್ನೋ ಪಟ್ಟ?

ಮುಂದೆ ಯಾರಾದ್ರೂ ಬಂದು "ಇದು ಸ್ಮಾರ್ಟ್ ಕಾಂಟ್ರಾಕ್ಟ್, ಇದರಲ್ಲಿ ತಪ್ಪಾಗೋ ಚಾನ್ಸೇ ಇಲ್ಲ, ಇಲ್ಲಿ ಒತ್ತಿ" ಅಂದ್ರೆ, ಒತ್ತೋ ಮೊದಲು ಒಂದೇ ಪ್ರಶ್ನೆ ಕೇಳಿ. "ತಾಳೆ ಎಲ್ಲಿ, ತೋರಿಸಿ." ತೋರಿಸೋಕೆ ಆಗದಿದ್ರೆ ಹೆಬ್ಬೆಟ್ಟು ಜೇಬಿನಲ್ಲೇ ಇರಲಿ. ಏನಂತೀರಿ?